ಗುಲಾಬಿ ಪೆಟ್ಟಿಗೆಯ ಗುಡಿ

ಶೇಖರಪ್ಪನವರ ಅಪ್ಪ ಅರವತ್ತನಾಲ್ಕು ತುಂಬುವುದರೊಳಗೆ ಹೋದರು. ಅಣ್ಣ ಹಾಲೇಶಪ್ಪನವರೂ, ಅರವತ್ತನಾಲ್ಕು ತುಂಬಲು ಇನ್ನೆರಡು ತಿಂಗಳಿದೆ ಎನ್ನುವಾಗ, ದಾವಣಗೆರೆಯ ಮನೆಯಲ್ಲಿ ಮಂಡಕ್ಕಿ ತಿನ್ನುತ್ತ ಕೂತವರು ಹಾಗೇ ಗೋಡೆಗೆ ಒರಗಿಬಿಟ್ಟರು. ಇಬ್ಬರಿಗೂ ಅದಕ್ಕೆ ಮುಂಚೆ ಒಂದು ಕೆಮ್ಮೂ ಬಂದಿರಲಿಲ್ಲ. ಶೇಖರಪ್ಪನವರಿಗೆ ಇಷ್ಟು ಸಾಕಾಯಿತು. ದಂಡು ಪ್ರದೇಶದ ವಿಮಾ ಕಚೇರಿಯೊಂದರಲ್ಲಿ ಮೂವತ್ತನಾಲ್ಕು ವರ್ಷ ಡೆತ್ ಕ್ಲೇಮ್ ವಿಭಾಗ ನೋಡಿಕೊಂಡವರು ಅವರು. ಒಂದೇ ಮನೆಯಲ್ಲಿ ಒಂದೇ ವಯಸ್ಸಿಗೆ ಎರಡು ಸಾವು ಆದ ಮೇಲೆ ಮೂರನೆಯದರ ಬಗ್ಗೆ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅವರಿಗೆ ಅರವತ್ತನಾಲ್ಕು ತುಂಬುವುದು ಆಗಸ್ಟ್ ಒಂಬತ್ತಕ್ಕೆ. ಅದಕ್ಕೆ ಸರಿಯಾಗಿ ಒಂದು ವರ್ಷ ಮೊದಲೇ ಹಲಸೂರು ಬಜಾರಿನಿಂದ ಒಂದು ನೀಲಿ ಫೈಲು ತಂದು, ಮೇಲೆ ದಪ್ಪ ಅಕ್ಷರದಲ್ಲಿ 'ನಾನಿಲ್ಲದಾಗ' ಎಂದು ಬರೆದರು. ಒಳಗೆ ಎಲ್ಲವೂ ಇತ್ತು. ಗ್ಯಾಸ್ ಬುಕ್ ಮಾಡುವ ವಿಧಾನ, ಮೀಟರ್ ಬೋರ್ಡಿನ ಯಾವ ಸ್ವಿಚ್ಚು ಯಾವ ಕೋಣೆಯದು, ನೀರಿನ ಟ್ಯಾಂಕರ್‌ನವನ ನಂಬರು, ಅವನು ಫೋನ್ ಎತ್ತದಿದ್ದರೆ ಅವನ ಬಾವಮೈದುನನ ನಂಬರು. ಭಾನುವಾರ ತಿಂಡಿಯಾದ ಮೇಲೆ ಹೆಂಡತಿ ವಿಮಲಾಕ್ಷಮ್ಮನನ್ನು ಎದುರಿಗೆ ಕೂರಿಸಿಕೊಂಡು ಪರೀಕ್ಷೆ ನಡೆಸುವರು.

"ಸಂಪಿನ ಮೋಟಾರು ಎಷ್ಟು ನಿಮಿಷ?"

"ಹನ್ನೆರಡು."

"ಕರೆಂಟ್ ಹೋಗಿ ಬಂದ್ರೆ?"

"ಐದು ನಿಮಿಷ ಬಿಟ್ಟು ಹಾಕ್ಬೇಕು. ಮೂವತ್ತು ವರ್ಷದಿಂದ ನಾನೇ ಅಲ್ವೇನ್ರೀ ಆ ಮೋಟಾರು ಹಾಕ್ತಿರೋದು?"

"ಅದು ನಾನಿರುವಾಗ," ಎನ್ನುವರು ಶೇಖರಪ್ಪನವರು, ಪುಟ ತಿರುಗಿಸುತ್ತ.

ಫೈಲು ದಪ್ಪವಾದಂತೆ ಮನುಷ್ಯ ತೆಳ್ಳಗಾದರು. ಹಲಸೂರು ಕೆರೆ ಸುತ್ತ ವಾಕಿಂಗ್ ನಿಂತಿತು. ಹೊಸ ಅಂಗಿ ಬೇಡವೆಂದರು. ಕಣ್ಣಿನ ಪೊರೆ ತೆಗೆಸಬೇಕಿತ್ತು, ಅದನ್ನೂ ಮುಂದಕ್ಕೆ ಹಾಕಿದರು. ಮಹದೇವಪುರದಲ್ಲಿದ್ದ ಮಗಳು ವೈಷ್ಣವಿ ಮುಂದಿನ ವರ್ಷದ ದಸರಾ ರಜೆಗೆ ಎಲ್ಲರೂ ಬಾದಾಮಿಗೆ ಹೋಗೋಣ ಎಂದಾಗ, "ದಸರಾ ಅಲ್ವಾ? ನೋಡೋಣ," ಎಂದು ಫೋನು ಹೆಂಡತಿಯ ಕೈಗೆ ಕೊಟ್ಟುಬಿಟ್ಟರು. ಹುಲಿ ತಿನ್ನುವ ಮೊದಲು ಹುಲಿಯ ಹೆದರಿಕೆ ತಿಂದಿತ್ತು. ಆದರೆ ತಮಗೆ ಹೆದರಿಕೆಯಿದೆ ಎಂದು ಅವರು ಒಂದು ದಿನವೂ ಒಪ್ಪಲಿಲ್ಲ, ಅದಕ್ಕೆ ಮುಂಜಾಗ್ರತೆ ಎಂದು ಹೆಸರಿಟ್ಟಿದ್ದರು.

ಈ ನಡುವೆ ವಿಮಲಾಕ್ಷಮ್ಮನ ಕಣ್ಣು ಸದಾ ಕೆಂಪಗಿರುವುದನ್ನು ಅವರು ಗಮನಿಸದೆ ಇರಲಿಲ್ಲ. ಒಳ್ಳೆಯ ಕಣ್ಣಿನ ಹನಿಯೊಂದರ ಹೆಸರು ವಿಚಾರಿಸಿ ಅದನ್ನೂ ಫೈಲಿಗೆ ಸೇರಿಸಿದರು.

ಮೇ ತಿಂಗಳ ಒಂದು ಭಾನುವಾರ ವಿಮಲಾಕ್ಷಮ್ಮ ಪರೀಕ್ಷೆಗೆ ಕೂರಲಿಲ್ಲ. ಸೀರೆ ಬದಲಾಯಿಸಿ ಬಂದು ಬಾಗಿಲಲ್ಲಿ ನಿಂತರು.

"ಜೀವ ಇರೋವಾಗ್ಲೇ ಫೋಟೋಗೆ ಹಾರ ಹಾಕ್ಕೊಂಡು ಕೂತಿದೀರಲ್ಲ, ನನ್ ಕೈಲಿ ನೋಡಕ್ಕಾಗಲ್ಲ. ಹೋಗೋರೇ ಆದ್ರೆ ಹೋಗೋಕ್ ಮುಂಚೆ ನನ್ನನ್ನ ಒಂದ್ಸಲ ವಿಮಾನ ಹತ್ಸಿ. ಮದುವೇಲಿ ಹೇಳಿದ್ರಿ. ಫೈಲಲ್ಲಿ ಅದೊಂದು ಇಲ್ಲ."

ಫೈಲಿನಲ್ಲಿ ಒಂದು ಕೊರತೆಯಿದೆ ಎಂದಮೇಲೆ ಶೇಖರಪ್ಪನವರಿಗೆ ಎದ್ದೇಳದೆ ವಿಧಿಯಿರಲಿಲ್ಲ. ಮಾರನೆಯ ದಿನ ಇಬ್ಬರೂ ಶಿವಾಜಿನಗರಕ್ಕೆ ಹೋದರು. ಅಲ್ಲಿ ಬಟ್ಟೆಯಂಗಡಿಯೊಂದರ ಮಹಡಿಯ ಮೇಲೆ ಲುಬ್ನಾ ಟಿಕೆಟ್ ಆಫೀಸು ಇಟ್ಟಿದ್ದಳು. ವೈಷ್ಣವಿಯ ಜೊತೆ ಕಾಲೇಜಿಗೆ ಹೋದವಳು, ಜೋಗುಪಾಳ್ಯದ ಇವರ ಮನೆಯಲ್ಲಿ ಎಷ್ಟೋ ಸಲ ರೊಟ್ಟಿ ತಿಂದವಳು.

"ಬ್ಯಾಂಕಾಕ್ ಹೋಗ್ಬನ್ನಿ ಅಂಕಲ್. ನಾಲ್ಕೇ ದಿನ," ಎಂದಳು. ಆಮೇಲೆ ಕಾಗದಗಳನ್ನು ಜೋಡಿಸುತ್ತ, "ಆಂಟಿ ನಿಮ್ ವಿಷ್ಯ ಎಲ್ಲಾ ಹೇಳಿದ್ರು. ಅಲ್ಲೊಂದು ದೇವಸ್ಥಾನ ಇದೆ, ಊರಾಚೆ. ಪಿಂಕ್ ಕಲರ್ ಶವಪೆಟ್ಟಿಗೆ ಇಟ್ಟಿರ್ತಾರೆ. ನೀವು ಒಳಗ್ ಮಲಗೋದು, ಸ್ವಾಮಿಗಳು ಬಟ್ಟೆ ಮುಚ್ಚಿ ಸತ್ತೋರಿಗೆ ಹೇಳೋ ಮಂತ್ರ ಹೇಳ್ತಾರೆ. ಆಮೇಲೆ ತಲೆ ಆ ಕಡೆಯಿಂದ ಈ ಕಡೆಗೆ ತಿರುಗ್ಸಿ ಮಲಗ್ಬೇಕು, ಹುಟ್ಟೋ ಮಂತ್ರ ಹೇಳ್ತಾರೆ, ಎದ್ ಬರೋದು. ಕೆಟ್ಟ ಟೈಮು ಅಲ್ಲೇ ಕಳ್ದೋಗುತ್ತಂತೆ," ಎಂದಳು.

"ಇದೆಲ್ಲಾ ನಾನು ನಂಬಲ್ಲಮ್ಮ."

"ನಾನೂ ನಂಬಲ್ಲ ಅಂಕಲ್. ಆದ್ರೆ ನಾನು ಕಳಿಸ್ದೋರು ಇವತ್ತಿನವರೆಗೂ ಎಲ್ರೂ ವಾಪಸ್ ಬಂದಿದಾರೆ, ಅಲ್ಲಾ ಕಸಮ್."

ಶೇಖರಪ್ಪನವರು ನಂಬಲಿಲ್ಲ ಎಂಬುದು ನಿಜ. ಅವರು ಜಾತಕ ಬರೆಸಿದವರಲ್ಲ, ತಾಯತ ಕಟ್ಟಿದವರಲ್ಲ. ಆದರೆ ಮೆಟ್ಟಿಲಿಳಿಯುವಾಗ ಅವರ ತಲೆಯಲ್ಲಿ ಹಳೆಯ ಕಚೇರಿಯ ನಿಯಮವೊಂದು ಮೆಲ್ಲಗೆ ಎದ್ದು ಕೂತಿತು. ಒಂದು ಸಲ ಕ್ಲೇಮ್ ಆದ ಪಾಲಿಸಿ ಇನ್ನೊಂದು ಸಲ ಕ್ಲೇಮ್ ಆಗುವುದಿಲ್ಲ. ಅರವತ್ತನಾಲ್ಕು ತುಂಬುವುದರೊಳಗೆ ಸಾವು ಒಂದು ಆಗಲೇಬೇಕಾದರೆ, ಅದು ಎಲ್ಲೋ ಒಂದು ಕಡೆ ದಾಖಲಾಗಿಬಿಟ್ಟರೆ, ಫೈಲು ಮುಚ್ಚುತ್ತದೆ. ಹೀಗೆ ಯೋಚಿಸಿದ್ದಕ್ಕೆ ಅವರಿಗೇ ನಾಚಿಕೆಯಾಯಿತು. ಬಸ್ ಸ್ಟಾಂಡಿನವರೆಗೂ ಹೆಂಡತಿಯ ಮುಖ ನೋಡದೆ ನಡೆದರು.

ಜೂನ್ ಎರಡನೆಯ ವಾರ ಹೊರಟರು. ಹಿಂದಿನ ದಿನದ ಮಳೆಗೆ ಮಹದೇವಪುರದ ರಸ್ತೆ ಕೆರೆಯಾಗಿ, ಬಿಡಲು ಬರುತ್ತೇನೆಂದಿದ್ದ ವೈಷ್ಣವಿಗೆ ಬರಲಾಗಲಿಲ್ಲ. ಫೋನಿನಲ್ಲೇ ಶುಭಾಶಯ ಮುಗಿಯಿತು. ವಿಮಾನ ನಿಲ್ದಾಣದಲ್ಲಿ ತಪಾಸಣೆಯವನು ಶೇಖರಪ್ಪನವರ ಎದೆಯ ಮೇಲಿನ ಬೆಳ್ಳಿ ಕರಡಿಗೆಯನ್ನು ಮುಟ್ಟಿ ಇದೇನೆಂದು ಕೇಳಿದ. "ಇಷ್ಟಲಿಂಗ. ತೆಗೆಯೋ ಹಾಗಿಲ್ಲ," ಎಂದರು. ಅವನು ಹುಬ್ಬಳ್ಳಿ ಕಡೆಯವನಿರಬೇಕು, ಕೈ ಮುಗಿದು ಬಿಟ್ಟ.

ಬ್ಯಾಂಕಾಕಿನ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಅವರು ನೋಡಿದ್ದೂ ಹೆಚ್ಚಿಲ್ಲ. ಶೇಖರಪ್ಪನವರು ಪಾಸ್‌ಪೋರ್ಟುಗಳಿದ್ದ ಕಂದು ಚೀಲವನ್ನು ಎದೆಗೆ ಅಡ್ಡ ಹಾಕಿಕೊಂಡು, ಚಿನ್ನದ ಬುದ್ಧನ ಮುಂದೆಯೂ ದೋಣಿಯಲ್ಲಿಯೂ ಅದರ ಮೇಲೊಂದು ಕೈಯಿಟ್ಟುಕೊಂಡೇ ಓಡಾಡಿದರು. ವಿಮಲಾಕ್ಷಮ್ಮ ಮನೆಯಿಂದ ತಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿಯ ಡಬ್ಬಿ ಬಿಚ್ಚಿ, ಕಂಡದ್ದಕ್ಕೆಲ್ಲ ಚಿಕ್ಕ ಹುಡುಗಿಯ ಹಾಗೆ ಸಂತೋಷಪಟ್ಟರು. ವ್ಯಾನಿನಲ್ಲಿ ಕೂತೊಡನೆ ಅವರ ತಲೆ ತೂಗುತ್ತಿತ್ತು. ಗಂಡ ಕೆಮ್ಮಿದರೆ ಬೆಚ್ಚಿ ಕಣ್ಣು ಬಿಡುತ್ತಿದ್ದರು.

ಮೂರನೆಯ ದಿನ ಬೆಳಿಗ್ಗೆ ಗೈಡ್ ಹುಡುಗಿ ಅವರನ್ನು ಆ ಗುಡಿಗೆ ಕರೆದೊಯ್ದಳು. ಹೆಸರು ನೊಕ್. ಅವಳ ಇಂಗ್ಲಿಷು ಇವರ ಇಂಗ್ಲಿಷಿಗಿಂತ ತುಸು ಕಡಿಮೆಯಿದ್ದದ್ದರಿಂದ ಮೂವರೂ ಒಬ್ಬರಿಗೊಬ್ಬರು ಚೆನ್ನಾಗಿ ಅರ್ಥವಾಗುತ್ತಿದ್ದರು. ಭತ್ತದ ಗದ್ದೆಗಳ ನಡುವೆ ತಗಡಿನ ಮಾಡಿನ ಉದ್ದನೆಯ ಹಜಾರ. ಹೊರಗೆ ಎಳನೀರು ಮಾರುತ್ತಿದ್ದರು, ಲಾಟರಿ ಟಿಕೆಟ್ಟೂ ಮಾರುತ್ತಿದ್ದರು. ಒಳಗೆ ಸಾಲಾಗಿ ಒಂಬತ್ತು ಪೆಟ್ಟಿಗೆ. ಮದುವೆ ಮನೆಯ ಗುಲಾಬಿ ಬಣ್ಣ, ಅಂಚಿಗೆ ಚಿನ್ನದ ಬಳ್ಳಿ. ಪ್ರತಿ ಪೆಟ್ಟಿಗೆಯ ಮುಂದೆ ಒಂದು ಜೊತೆ ಚಪ್ಪಲಿ. ಒಂದು ತಂಡ ಸಾಯುತ್ತಿದ್ದರೆ ಮುಂದಿನ ತಂಡ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಮೊಬೈಲು ನೋಡುತ್ತಿತ್ತು.

"ಇಬ್ಬರೂ ಒಟ್ಟಿಗೇ?" ಎಂದಳು ನೊಕ್.

"ಇಲ್ಲ. ಇಬ್ರೂ ಒಟ್ಟಿಗೆ ಸತ್ರೆ ಬ್ಯಾಗ್ ಯಾರು ನೋಡ್ಕೋತಾರೆ?" ಎಂದರು ಶೇಖರಪ್ಪನವರು ಹೆಂಡತಿಗೆ. ಚೀಲವನ್ನು ಅವರ ಕೊರಳಿಗೆ ಹಾಕಿ, ಜಿಪ್ಪು ಎಳೆದು ನೋಡಿ, ತಮ್ಮ ಸರದಿ ಬಂದಾಗ ಚಪ್ಪಲಿ ಬಿಟ್ಟು ಪೆಟ್ಟಿಗೆಯೊಳಕ್ಕೆ ಕಾಲಿಟ್ಟರು. ಇಟ್ಟವರು ಮಲಗಲಿಲ್ಲ. ಚಕ್ಕಳಮಕ್ಕಳ ಹಾಕಿ ಕೂತರು. ಕರಡಿಗೆ ಬಿಚ್ಚಿ, ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದರು.

ಅಕ್ಕಪಕ್ಕದ ಪೆಟ್ಟಿಗೆಗಳಲ್ಲಿ ಎಂಟು ಜನ ನೀಟಾಗಿ ಮಲಗಿದ್ದರು. ಮಧ್ಯೆ ಇವರೊಬ್ಬರು, ಬುಟ್ಟಿಯಲ್ಲಿಟ್ಟ ಕುಂಬಳಕಾಯಿಯ ಹಾಗೆ. ವಯಸ್ಸಾದ ಭಿಕ್ಷು ಬಂದು ನೋಡಿದರು, ನೊಕ್‌ಗೆ ಏನೋ ಕೇಳಿದರು.

"ಬೆನ್ನು ನೋವಾ ಅಂತ ಕೇಳ್ತಿದ್ದಾರೆ," ಎಂದಳು ನೊಕ್.

"ಬೆನ್ನು ನೋವಿಲ್ಲ. ನಮ್ಮಲ್ಲಿ ಹೋದೋರನ್ನ ಮಲಗ್ಸಲ್ಲ, ಕೂರಿಸ್ತಾರೆ," ಎಂದರು ಶೇಖರಪ್ಪನವರು, ಕಣ್ಣು ಬಿಡದೆ. "ಗೋಡೆಗೆ ಒರಗ್ಸಿ, ವಿಭೂತಿ ಹಚ್ಚಿ, ಕೂರ್ಸೇ ಮೆರವಣಿಗೆ, ಕೂರ್ಸೇ ಮಣ್ಣು. ನಮ್ಮಪ್ಪ ಹಾಗೇ ಹೋಗಿದ್ದು, ನಮ್ಮಣ್ಣನೂ ಹಾಗೇ ಹೋಗಿದ್ದು. ನಾಟಕಕ್ಕೆ ಸತ್ರೂ ಪದ್ಧತಿ ಪ್ರಕಾರ ಸಾಯ್ಬೇಕು. ಹೇಳಮ್ಮ ಅವ್ರಿಗೆ."

ಇದನ್ನೆಲ್ಲ ಇಂಗ್ಲಿಷಿಗೂ, ಅಲ್ಲಿಂದ ಅವರ ಭಾಷೆಗೂ ದಾಟಿಸುವಷ್ಟರಲ್ಲಿ ಮಲಗಿದ್ದ ಇಬ್ಬರು ತಲೆಯೆತ್ತಿ ನೋಡಿದರು. ನೊಕ್ ಭಿಕ್ಷುವಿನ ಉತ್ತರ ತಂದಳು. "ಕೂತೇ ಹೋಗಲಿ. ಆದರೆ ಎದ್ದು ಬರಬೇಕು, ಅಂತಾರೆ."

ಬಿಳಿ ಬಟ್ಟೆ ಅವರ ತಲೆಯ ಮೇಲೆ ಇಳಿಯಿತು. ಒಳಗೆ ಬಟ್ಟೆ ಸೋಪಿನ ವಾಸನೆ. ಮಂತ್ರ ಶುರುವಾಯಿತು. ಶೇಖರಪ್ಪನವರು ಶಿವನನ್ನು ನೆನೆಯಲು ಹೊರಟರು, ನೆನಪಿಗೆ ಬಂದದ್ದು ಅಣ್ಣ. ಗೋಡೆಗೆ ಒರಗಿಸಿ ಕೂರಿಸಿದ್ದ ಹಾಲೇಶಪ್ಪ, ಗದ್ದ ಬೀಳದಂತೆ ಕಟ್ಟಿದ್ದ ಬಿಳಿ ವಸ್ತ್ರ, ಹಣೆಯ ತುಂಬ ವಿಭೂತಿ. ಎದುರಿಗೆ ಭಜನೆಯವರಿಗೆ ಚಹಾ ಹೋಗುತ್ತಿದ್ದರೆ, ಅಣ್ಣ ತನಗೂ ಒಂದು ಲೋಟ ಬರುತ್ತದೇನೋ ಎಂದು ಕಾಯುವವರಂತೆ ಕೂತಿದ್ದರು. ಅವತ್ತು ಶೇಖರಪ್ಪನವರಿಗೆ ಅಳು ಬಂದಿರಲಿಲ್ಲ, ಲೆಕ್ಕ ಹೊಳೆದಿತ್ತು: ಅಪ್ಪ, ಅಣ್ಣ, ಮುಂದೆ ನಾನು. ಈಗ ಬಟ್ಟೆಯೊಳಗೆ ಕೂತು ಅದನ್ನೇ ಮತ್ತೊಂದು ಸಲ ಎಣಿಸಿದರು. ಸಾವಿನ ಮಂತ್ರ ಮುಗಿದು ಹುಟ್ಟಿನ ಮಂತ್ರ ಬರುವಾಗ ಎಲ್ಲರೂ ತಲೆದಿಕ್ಕು ಬದಲಾಯಿಸಿದ ಸದ್ದಾಯಿತು. ಇವರು ಕೂತಲ್ಲೇ ಹಿಂದಕ್ಕೆ ಮುಖ ತಿರುಗಿಸಿದರು. ಅಷ್ಟರಲ್ಲಿ ಬಲಗಾಲು ಜೋಮು ಹಿಡಿದಿತ್ತು. ಪುನರ್ಜನ್ಮದ ಹೊತ್ತಿಗೆ ಇಬ್ಬರು ಹಿಡಿದೆತ್ತಬೇಕಾಯಿತು.

"ಹೇಗಿತ್ರೀ?" ಎಂದರು ವಿಮಲಾಕ್ಷಮ್ಮ. ಅವರ ಮುಖದಲ್ಲಿ ಒಂದು ವರ್ಷದ ಕಾತರವಿತ್ತು.

"ಕಾಲು ಜೋಮು," ಎಂದರು ಶೇಖರಪ್ಪನವರು. ನಿಜ ಹೇಳಬೇಕೆಂದರೆ ಬೇರೆ ಏನೂ ಆಗಿರಲಿಲ್ಲ. ಒಳಗಿದ್ದ ಭಯ ಒಳಗೇ ಇತ್ತು, ಒಂದಿಂಚೂ ಸರಿದಿರಲಿಲ್ಲ.

ಈಗ ವಿಮಲಾಕ್ಷಮ್ಮನ ಸರದಿ. ಚೀಲ ಗಂಡನ ಕೊರಳಿಗೆ ಬಂತು.

"ಕೂತ್ಕೋ, ನೆಟ್ಟಗೆ," ಎಂದರು ಶೇಖರಪ್ಪನವರು.

"ನಾನು ಮಲಗ್ತೀನಿ."

"ಏ, ನಮ್ಮಲ್ಲಿ..."

"ನಮ್ಮಲ್ಲಿ ಹೋದ್ಮೇಲೆ ಹೇಗೂ ಕೂರಿಸ್ತಾರೆ. ಇರೋವಾಗ ಒಂದ್ ಚೂರು ಬೆನ್ನು ಚಾಚ್ತೀನಿ ಬಿಡ್ರಿ," ಎಂದು ಅವರು ಸೆರಗು ಸರಿಪಡಿಸಿಕೊಂಡು ಉದ್ದಕ್ಕೆ ಮಲಗಿಯೇಬಿಟ್ಟರು. ಬಟ್ಟೆ ಮುಚ್ಚಿತು. ಅವರು ಗಿಡ್ಡ, ಬಟ್ಟೆಯೂ ಗಿಡ್ಡವೇ. ತುದಿಯಲ್ಲಿ ಪಾದಗಳೆರಡು ಹೊರಗುಳಿದವು. ಬಿರುಕು ಬಿಟ್ಟ ಹಿಮ್ಮಡಿ, ಸವೆದ ಕಾಲುಂಗುರ.

ಶೇಖರಪ್ಪನವರು ಕಂಬಕ್ಕೆ ಒರಗಿ ನಿಂತು ಆ ಪಾದಗಳನ್ನು ನೋಡಿದರು. ಮಂತ್ರ ಒಂದೇ ಲಯದಲ್ಲಿ ಹೋಗುತ್ತಿತ್ತು. ಸಾವಿನದು ಮುಗಿಯಿತು, ಹುಟ್ಟಿನದು ಬಂತು. ಎಂಟು ಪೆಟ್ಟಿಗೆಗಳಲ್ಲಿ ಬಟ್ಟೆ ಅಲ್ಲಾಡಿತು, ತಲೆಗಳು ಆ ಕಡೆಯಿಂದ ಈ ಕಡೆಗೆ ಬಂದವು. ಒಂಬತ್ತನೆಯದರಲ್ಲಿ ಪಾದಗಳು ಇದ್ದಲ್ಲೇ ಇದ್ದವು. ಕೇಳಿಸಿರಲಿಕ್ಕಿಲ್ಲ ಎಂದುಕೊಂಡರು. ಮಂತ್ರ ನಿಂತಿತು. ಎಂಟು ಜನ ಎದ್ದು ಕೂತರು, ಒಬ್ಬಳು ನಗುತ್ತ ಸೆಲ್ಫಿ ತೆಗೆದುಕೊಂಡಳು. ಒಂಬತ್ತನೆಯ ಬಟ್ಟೆ ಅಲ್ಲಾಡಲಿಲ್ಲ.

"ವಿಮಲಾ," ಎಂದರು. ಆಮೇಲೆ ಸ್ವಲ್ಪ ಜೋರಾಗಿ, "ವಿಮಲಾ, ಆಯ್ತು ಏಳು."

ಭಿಕ್ಷು ಪೆಟ್ಟಿಗೆಯ ಪಕ್ಕ ನಿಂತಿದ್ದರು. ಅವರು ಹೆಂಗಸರನ್ನು ಮುಟ್ಟುವ ಹಾಗಿಲ್ಲ. ಶೇಖರಪ್ಪನವರ ಕಡೆ ನೋಡಿದರು.

ಮೂವತ್ತನಾಲ್ಕು ವರ್ಷದಲ್ಲಿ ಎಷ್ಟೋ ಗಂಡಂದಿರು ಶೇಖರಪ್ಪನವರ ಮೇಜಿನ ಮುಂದೆ ಬಂದು ಕೂತಿದ್ದರು, ಹೆಂಡತಿಯ ಮರಣ ಪತ್ರ ಹಿಡಿದುಕೊಂಡು. ಅವರಿಗೆ ಎಲ್ಲಿ ಸಹಿ ಹಾಕಬೇಕೆಂದು ತೋರಿಸಿದ್ದು ಇವರೇ. ಆದರೂ ಹೆಂಡತಿ ಮೊದಲು ಹೋಗಬಹುದು ಎಂಬ ಮಾತು ತಮ್ಮ ಮನೆಯ ಬಾಗಿಲು ದಾಟಿ ಬರಬಹುದೆಂದು ಅವರಿಗೆ ಒಂದು ದಿನವೂ ಹೊಳೆದಿರಲಿಲ್ಲ. ಆ ಫೈಲಿನಲ್ಲಿ ಇದಕ್ಕೆ ಪುಟವಿರಲಿಲ್ಲ. ಅವರಿಗೆ ಮನೆಯಲ್ಲಿ ಉಪ್ಪಿನ ಡಬ್ಬಿ ಯಾವುದೆಂದು ಗೊತ್ತಿರಲಿಲ್ಲ. ವಿಮಲಾಕ್ಷಿಗೆ ಯಾವ ಕೈಯಲ್ಲಿ ನೋವು ಬರುತ್ತದೆ ಎಂದೂ ಗೊತ್ತಿರಲಿಲ್ಲ.

ಅವರು ಓಡಿದರು. ಕಂದು ಚೀಲ ಕಾಲಿಗೆ ತೊಡರಿತು. ಅದನ್ನು ಕೊರಳಿಂದ ಕಿತ್ತು ನೆಲಕ್ಕೆಸೆದು ಪೆಟ್ಟಿಗೆಯ ಮುಂದೆ ಮಂಡಿಯೂರಿದರು, ಬಟ್ಟೆ ಸರಕ್ಕನೆ ಎಳೆದರು.

ವಿಮಲಾಕ್ಷಮ್ಮನ ಬಾಯಿ ಅರೆ ತೆರೆದಿತ್ತು. ಎದೆ ಏರಿ ಇಳಿಯುತ್ತಿತ್ತು. ಮೂಗಿನಿಂದ ಸಣ್ಣಗೆ, ಗೊರ್ ಎಂದು, ಗೊರಕೆ ಬರುತ್ತಿತ್ತು.

ಶೇಖರಪ್ಪನವರು ಅಲ್ಲೇ ಕುಸಿದು ಕೂತು ಪೆಟ್ಟಿಗೆಯ ಅಂಚಿಗೆ ಹಣೆ ಇಟ್ಟುಕೊಂಡು ಅತ್ತರು. ಅಪ್ಪನಿಗೆ ಅಳದ, ಅಣ್ಣನಿಗೆ ಅಳದ ಅಳುವೂ ಅದರಲ್ಲಿ ಸೇರಿತ್ತೋ ಏನೋ, ಬೇಗ ನಿಲ್ಲಲಿಲ್ಲ. ಸುತ್ತ ನಿಂತವರು ಮೊದಲು ನಕ್ಕರು, ಆಮೇಲೆ ನಗಲಿಲ್ಲ. ನೊಕ್ ಚೀಲವನ್ನು ಎತ್ತಿಕೊಂಡು ಧೂಳು ಕೊಡವಿದಳು. ಭಿಕ್ಷು ಏನೋ ಮೆಲ್ಲಗೆ ಹೇಳಿದರು.

"ಎಬ್ಬಿಸಬೇಡಿ ಅಂತಾರೆ. ಮುಂದಿನ ತಂಡದ ಜೊತೆ ಹುಟ್ಟಲಿ ಅಂತಾರೆ," ಎಂದಳು ನೊಕ್.

ಹೀಗೆ ವಿಮಲಾಕ್ಷಮ್ಮ ಇನ್ನೊಂದು ತಂಡದ ಸಾವನ್ನೂ ನಿದ್ದೆಯಲ್ಲೇ ಕಳೆದರು. ಮಂತ್ರ ಎರಡನೆಯ ಸಲ ಮುಗಿಯುವ ಹೊತ್ತಿಗೆ ತಾವಾಗಿ ಕಣ್ಣು ಬಿಟ್ಟರು. ಪಕ್ಕದಲ್ಲಿ ನೆಲದ ಮೇಲೆ ಗಂಡ ಕೂತಿರುವುದನ್ನು ಕಂಡರು.

"ಏನಾಯ್ತ್ರೀ? ಕಣ್ಯಾಕೆ ಹಾಗಾಗಿದೆ?"

"ಏನಿಲ್ಲ. ನೀನ್ಯಾಕೆ ಹಾಗೆ ನಿದ್ದೆ ಮಾಡ್ಬಿಟ್ಟೆ?"

ಅವರು ಎದ್ದು ಕೂತು ತುರುಬು ಕಟ್ಟಿಕೊಂಡರು. ನಾಚಿಕೆಯಿಂದ ಸ್ವಲ್ಪ ನಕ್ಕರು. "ಗೊತ್ತಿಲ್ಲ. ಹೋದ ಆಗಸ್ಟಿಂದ ರಾತ್ರಿ ನಿದ್ದೇನೇ ಇಲ್ಲ ನಂಗೆ. ನಿಮ್ಮ ಉಸಿರು ಕೇಳ್ಕೊಂಡೇ ಮಲ್ಗಿರ್ತೀನಿ. ಒಂದು ಉಸಿರು ತಡವಾದ್ರೆ ಎದೆ ಧಸಕ್ ಅನ್ನುತ್ತೆ, ಎದ್ದು ಮೂಗಿನ ಹತ್ರ ಕೈ ಇಟ್ಟು ನೋಡ್ತೀನಿ. ಇಲ್ಲಿ ಯಾರೋ ಬಿಡದೆ ಏನೋ ಹೇಳ್ತಾನೇ ಇದ್ರು, ನೀವು ಕಾವಲು ನಿಂತಿದ್ರಿ. ಕಣ್ಣು ಎಳೀತು."

ಶೇಖರಪ್ಪನವರಿಗೆ ಆ ಕೆಂಪು ಕಣ್ಣು ನೆನಪಾಯಿತು. ಫೈಲಿನಲ್ಲಿ ಬರೆದಿದ್ದ ಹನಿ ಔಷಧಿಯ ಹೆಸರೂ ನೆನಪಾಯಿತು. ಒಂದು ವರ್ಷ ತಾವು ಸಾವಿಗೆ ಕಾಯುತ್ತಿದ್ದರೆ, ಈಕೆ ಪಕ್ಕದಲ್ಲಿ ಎಚ್ಚರವಾಗಿ ಆ ಸಾವು ಹತ್ತಿರ ಬರದಂತೆ ದಿನವೂ ಕಾವಲು ಕಾದಿದ್ದಳು. ಅವರಿಗೆ ತಮ್ಮ ಮೇಲೆಯೇ ಅಸಹ್ಯವಾಯಿತು. ಹೆಂಡತಿಯ ಚಪ್ಪಲಿ ತಂದು ಕಾಲ ಮುಂದಿಟ್ಟರು.

ಜೋಗುಪಾಳ್ಯಕ್ಕೆ ಮರಳಿದ ಮೇಲೆ ಭಾನುವಾರದ ಪರೀಕ್ಷೆ ನಿಂತಿತು. ಅದರ ಬದಲು ಹೊಸದೊಂದು ಕ್ರಮ ಬಂತು. ಊಟವಾದ ಮೇಲೆ ವಿಮಲಾಕ್ಷಮ್ಮ ಒಳಗಿನ ಕೋಣೆಯಲ್ಲಿ ಮಲಗುವುದು, ಶೇಖರಪ್ಪನವರು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಜೋರಾಗಿ ಏನಾದರೂ ಓದುವುದು. ಧ್ವನಿ ಕೇಳುತ್ತಿದ್ದರೆ ಆಕೆ ನಿದ್ದೆ ಹೋಗುತ್ತಾರೆ, ನಿಂತರೆ ಎಚ್ಚರಾಗುತ್ತಾರೆ. ಅದು ಮೊದಲನೆಯ ದಿನವೇ ತಿಳಿಯಿತು. ದಿನಪತ್ರಿಕೆ ಓದಿದರು, ನಿಧನ ವಾರ್ತೆಯ ಪುಟ ಬಿಟ್ಟು. ಅದು ಮುಗಿದಾಗ ಪಂಚಾಂಗ, ಮಿಕ್ಸಿಯ ಕೈಪಿಡಿ, ವೈಷ್ಣವಿಯ ಹಳೆಯ ಭೂಗೋಳದ ಪುಸ್ತಕ. ಪೊರೆ ಬಂದ ಕಣ್ಣಿಗೆ ಸಣ್ಣಕ್ಷರ ಕಾಣದೆ, ಜುಲೈಯಲ್ಲಿ ಆಪರೇಷನ್ನೂ ಮಾಡಿಸಿಕೊಂಡರು. ಮನೆಯಲ್ಲಿ ಓದುವುದೆಲ್ಲ ತೀರಿ, ಕೊನೆಗೆ ಕೈಗೆ ಬಂದದ್ದು ನೀಲಿ ಫೈಲು.

ಆಗಸ್ಟ್ ಒಂಬತ್ತರ ಮಧ್ಯಾಹ್ನ ಅದನ್ನೇ ಓದುತ್ತಿದ್ದರು. "ಪುಟ ಹದಿನಾಲ್ಕು. ನಾನಿಲ್ಲದಾಗ ಟ್ಯಾಂಕರ್‌ನವನು ಫೋನ್ ಎತ್ತದಿದ್ದರೆ..." ಒಳಗಿಂದ ಗೊರಕೆ ಕೇಳುತ್ತಿತ್ತು. ಅಷ್ಟರಲ್ಲಿ ಫೋನು ಅಲುಗಿತು.

"ಹ್ಯಾಪಿ ಬರ್ತ್‌ಡೇ ಅಪ್ಪಾ! ಅರವತ್ನಾಲ್ಕು ತುಂಬ್ತಲ್ಲಾ! ಅಮ್ಮ ಎಲ್ಲಿ, ಕೊಡು," ಎಂದಳು ವೈಷ್ಣವಿ.

"ಮಲ್ಗಿದಾಳಮ್ಮ. ಎಬ್ಸಲ್ಲ ನಾನು. ಸಾಯಂಕಾಲ ಮಾಡು," ಎಂದು ಪಿಸುಗುಟ್ಟಿ ಫೋನು ಇಟ್ಟರು.

ಅಷ್ಟು ಹೊತ್ತಿನ ಮೌನಕ್ಕೇ ಗೊರಕೆ ನಿಂತುಬಿಟ್ಟಿತ್ತು. ಒಳಗೆ ಹಾಸಿಗೆ ಕಿರುಗುಟ್ಟಿತು.

"ರೀ?"

"ಇದೀನಿ, ಮಲ್ಕೋ," ಎಂದರು ಶೇಖರಪ್ಪನವರು. ಕನ್ನಡಕ ಏರಿಸಿಕೊಂಡು ಹದಿನಾಲ್ಕನೆಯ ಪುಟವನ್ನು ಮತ್ತೆ ಮೊದಲಿನಿಂದ ಓದತೊಡಗಿದರು.